ನಮ್ಮೂರ ಶಾಲೆಯ ಹನ್ನೊಂದು ತಲೆಗಳು

ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳೇ,

ಎಂಟು ದಿನದಿಂದ ನನಗೆ ಒಂದೇ ಕನಸು ಬೀಳುತ್ತಿದೆ. ನೀರಿನ ಟ್ಯಾಂಕರ್ ಓಡಿಸುತ್ತಿರುತ್ತೇನೆ. ಎದುರಿಗೆ ಮಕ್ಕಳು ಸಾಲಾಗಿ ರಸ್ತೆ ದಾಟುತ್ತಿರುತ್ತಾರೆ. ಪಕ್ಕದ ಸೀಟಿನಲ್ಲಿ ಯಾರೋ ಕುಳಿತು ಎಣಿಸುತ್ತಾರೆ. ಹನ್ನೊಂದು ಆದಮೇಲೆ ‘ಆಯ್ತು, ಹೊರಡು’ ಎನ್ನುತ್ತಾರೆ. ನಾನು ಗಾಡಿ ಬಿಡುತ್ತೇನೆ. ಹನ್ನೆರಡನೆಯವಳು ನನ್ನ ಮಗಳು ವೇಣಿ.

ನನ್ನ ಕನಸಿಗೆ ನೀವು ಹೊಣೆಯಲ್ಲ. ಆದರೆ ಹನ್ನೊಂದು ಎಂಬ ಸಂಖ್ಯೆ ನಿಮ್ಮ ಕಚೇರಿಯದು. ನಮ್ಮೂರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇರುವುದು ಹನ್ನೊಂದೇ ಮಕ್ಕಳು, ಆದ್ದರಿಂದ ಜೂನ್‌ನಿಂದ ಅದನ್ನು ಮುಖ್ಯರಸ್ತೆಯ ಆಚೆಗಿನ ಶಾಲೆಗೆ ಸೇರಿಸಲಾಗುವುದು ಎಂದು ಬರೆದಿದ್ದೀರಿ. ಹಾಜರಿ ಪುಸ್ತಕದಲ್ಲಿರುವುದು ನಲವತ್ತಮೂರು. ಮೂರನೇ ತರಗತಿಯ ವೇಣಿ ಅವರಲ್ಲೊಬ್ಬಳು.

ಹೋದ ಭಾನುವಾರ ಒಂದು ಅಪಾರ್ಟ್‌ಮೆಂಟಿಗೆ ನೀರು ಹಾಕಲು ಹೋಗಿದ್ದೆ. ನೆಲದಡಿಯ ಸಂಪ್‌ಗೆ ನೀರು ಇಳಿಯಲು ಅರ್ಧ ಗಂಟೆ ಬೇಕು. ಅಲ್ಲಿನ ಕ್ಲಬ್‌ಹೌಸಿನಲ್ಲಿ ನಮ್ಮ ಕ್ಷೇತ್ರದ ಮೂವರು ಅಭ್ಯರ್ಥಿಗಳು ಸರ್ಕಾರಿ ಶಾಲೆಗಳ ಬಗ್ಗೆ ಚರ್ಚೆ ನಡೆಸುತ್ತಿದ್ದರು. ಅದಕ್ಕಿಂತ ತಕ್ಕ ಜಾಗ ಎಲ್ಲಿ ಸಿಗಬೇಕು? ಅಲ್ಲಿ ಕುಳಿತವರ ಒಂದು ಮಗುವೂ ಸರ್ಕಾರಿ ಶಾಲೆಯ ಮೆಟ್ಟಿಲು ಹತ್ತಿಲ್ಲ, ಪಕ್ಷಪಾತದ ಭಯವೇ ಇಲ್ಲ. ‘ಹನ್ನೊಂದು ಮಕ್ಕಳಿಗೆ ಒಂದು ಬಿಲ್ಡಿಂಗು, ಇಬ್ಬರು ಟೀಚರ್ ಬೇಕೇನ್ರೀ? ಆ ಅನುದಾನದಲ್ಲಿ ದೊಡ್ಡ ಮಾದರಿ ಶಾಲೆ ಮಾಡ್ತೀನಿ’ ಎಂದರು ಒಬ್ಬರು. ‘ಇಂಗ್ಲಿಷ್ ಮೀಡಿಯಂ ಮಾಡಿ, ಹನ್ನೊಂದು ನೂರಾಹತ್ತಾಗತ್ತೆ’ ಎಂದರು ಇನ್ನೊಬ್ಬರು. ಮೂರನೆಯವರು ಶಾಲೆಯನ್ನು ಯಾವುದಾದರೂ ಕಂಪನಿಗೆ ದತ್ತು ಕೊಟ್ಟು ಸರ್ಕಾರದ ತಲೆನೋವು ಇಳಿಸುತ್ತಾರಂತೆ. ಮೈಕು ಕಿತ್ತುಕೊಳ್ಳುವಷ್ಟು ಜಗಳವಾಯಿತು. ಮೂವರೂ ಒಪ್ಪಿದ್ದು ಹನ್ನೊಂದನ್ನು ಮಾತ್ರ.

ತಡೆಯಲಾಗದೆ ಬಾಗಿಲಲ್ಲೇ ನಿಂತು, ‘ಸಾರ್, ನಲವತ್ಮೂರು ಮಕ್ಳವ್ರೆ’ ಎಂದೆ. ಮೈಕು ಹಿಡಿದಿದ್ದ ಹುಡುಗಿ ಹತ್ತಿರ ಬಂದು ಪಿಸುಗುಟ್ಟಿದಳು. ‘ಅಣ್ಣ, ಪ್ರಶ್ನೆ ಇದ್ರೆ ಆ್ಯಪ್‌ನಲ್ಲಿ ಹಾಕ್ಬೇಕು.’

‘ಪ್ರಶ್ನೆ ಅಲ್ಲಮ್ಮ, ಇದು ಉತ್ತರ.’

‘ಉತ್ತರ ಹಾಕೋಕೆ ಆಪ್ಷನ್ ಇಲ್ಲ ಅಣ್ಣ.’

ಅಷ್ಟರಲ್ಲಿ ಸೆಕ್ಯೂರಿಟಿಯವನು, ‘ಏನ್ ಗುರು, ಭಾಷಣ ಕೇಳ್ತಾ ನಿಂತ್ಬಿಟ್ಟೆ, ಸಂಪ್ ತುಂಬಿ ಹರೀತಿದೆ’ ಎಂದು ಕೂಗಿದ. ಓಡಿದೆ.

ಈ ಹನ್ನೊಂದು ಎಲ್ಲಿಂದ ಬಂತೆಂದು ಮುಖ್ಯಶಿಕ್ಷಕಿ ಅನುಸೂಯಮ್ಮನವರನ್ನು ಕೇಳಿದೆ. ನಿಮ್ಮ ಕಚೇರಿಯವರು ತಲೆ ಎಣಿಸಲು ಬಂದದ್ದು ಯುಗಾದಿಯ ಮಾರನೆಯ ದಿನ, ಹೊಸತೊಡಕಿನಂದು. ಆ ದಿನ ನಮ್ಮ ಕಡೆ ಬೆಳಕು ಹರಿಯುವ ಮೊದಲೇ ಮಟನ್ ಅಂಗಡಿ ಮುಂದೆ ಸಾಲು ನಿಲ್ಲುತ್ತದೆ. ಮನೆಮನೆಯಲ್ಲೂ ಬಾಡೂಟ, ನೆಂಟರು. ಸರ್ಕಾರ ರಜೆ ಕೊಟ್ಟಿಲ್ಲ, ನಾವೇ ತೆಗೆದುಕೊಳ್ಳುತ್ತೇವೆ. ಬಂದಿದ್ದ ಹನ್ನೊಂದು ಮಂದಿಯೂ ಕಟ್ಟಡ ಕೆಲಸಕ್ಕೆಂದು ದೂರದಿಂದ ಬಂದವರ ಮಕ್ಕಳು, ಅವರಲ್ಲಿ ಈ ಹಬ್ಬವಿಲ್ಲ. ಹೊರಗಿನವರು ಬಂದು ಊರು ಕೆಟ್ಟಿತು ಎಂದು ನಾನೂ ಆಡಿಕೊಂಡವನೇ. ಅವರ ಮಕ್ಕಳು ಇಲ್ಲದಿದ್ದರೆ ನಿಮ್ಮ ವರದಿಯಲ್ಲಿ ಸೊನ್ನೆ ಇರುತ್ತಿತ್ತು. ಮೇಡಂ ಎಷ್ಟು ಹೇಳಿದರೂ ನಿಮ್ಮವರು, ‘ಕಂಡಿದ್ದನ್ನ ಬರೀತೀನಿ ಮೇಡಂ, ಕಾಣ್ದೇ ಇರೋರನ್ನ ಹೆಂಗ್ ಬರೀಲಿ?’ ಎಂದು ಹನ್ನೊಂದೂವರೆಗೇ ಹೊರಟರಂತೆ. ಅವರ ಮನೆಯಲ್ಲೂ ಅವತ್ತು ಹೊಸತೊಡಕಂತೆ.

ನನ್ನದೂ ತಪ್ಪಿದೆ. ಅವತ್ತು ವೇಣಿ ಯೂನಿಫಾರಂ ಹಾಕಿ ನಿಂತಿದ್ದಳು. ‘ಅಪ್ಪಾ, ಮಿಸ್ಸು ಇವತ್ತು ಬರ್ಲೇಬೇಕು ಅಂದವ್ರೆ.’ ‘ಒಂದಿನ ಕಣೇ, ಏನೂ ಮುಳುಗೋಗಲ್ಲ’ ಎಂದವನು ನಾನೇ. ಈಗ ಮುಳುಗುತ್ತಿದೆ. ನಾನೂ ಅದೇ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದವನು. ರಾಗಿ ಕುಯ್ಲಿಗೆಂದು ಅಪ್ಪ ಮೂರು ವಾರ ಹೊಲದಲ್ಲಿ ಉಳಿಸಿಕೊಂಡರು. ತಿರುಗಿ ಹೋದಾಗ ಮೇಷ್ಟ್ರು, ‘ನಿನ್ನ ಹೆಸರು ಹೊಡ್ದಾಕಾಯ್ತು ಕಣೋ’ ಎಂದರು. ಯಾಕೆಂದು ನಾನು ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಬರೆದದ್ದನ್ನು ಬದಲಾಯಿಸಬಹುದು ಎಂಬುದೇ ನಮಗೆ ಗೊತ್ತಿರಲಿಲ್ಲ.

ಇನ್ನು ಆ ರಸ್ತೆ. ನಕ್ಷೆಯಲ್ಲಿ ಎರಡೂ ಶಾಲೆಗಳ ನಡುವೆ ಬರೀ ಆರುನೂರು ಮೀಟರ್ ಎಂದಿದ್ದೀರಿ, ನಿಜ. ಅಲ್ಲಿ ಸಿಗ್ನಲ್ ಇಲ್ಲ, ಹಂಪ್ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಐಟಿ ಕಂಪನಿ ಕ್ಯಾಬುಗಳು, ಕಾಂಕ್ರೀಟ್ ಲಾರಿಗಳು, ಮತ್ತೆ ನಮ್ಮಂಥ ಟ್ಯಾಂಕರ್‌ಗಳು. ಮೊನ್ನೆ ಗಾಡಿ ನಿಲ್ಲಿಸಿ, ಕೀ ಕಿತ್ತು ಜೇಬಿಗಿಟ್ಟುಕೊಂಡು, ವೇಣಿಯನ್ನು ಬಂಪರ್ ಮುಂದೆ ನಿಲ್ಲಿಸಿದೆ. ಆಮೇಲೆ ಹತ್ತಿ ನನ್ನ ಸೀಟಿನಲ್ಲಿ ಕುಳಿತು ನೋಡಿದೆ. ಅವಳ ಜಡೆಯ ರಿಬ್ಬನ್ ಕೂಡ ಕಾಣಲಿಲ್ಲ. ‘ಕಾಣ್ತಿದೀನಾ ಅಪ್ಪಾ?’ ಎಂದು ಕೂಗುತ್ತಿದ್ದಳು. ನಾನು ‘ಹೂಂ’ ಎಂದೆ. ಸುಳ್ಳು ಹೇಳಿದೆ. ಈ ರಸ್ತೆಯನ್ನು ಅವಳು ದಿನಕ್ಕೆ ಎರಡು ಸಲ ದಾಟಬೇಕೆಂದು ಆದೇಶ ಹೊರಡಿಸುವ ಮೊದಲು ತಾವು ಒಮ್ಮೆ ನನ್ನ ಸೀಟಿನಲ್ಲಿ ಕೂರಬಹುದೇ?

ಅಭ್ಯರ್ಥಿಗಳಲ್ಲಿ ಯಾರು ಗೆದ್ದರೂ ನಿಮ್ಮ ಕಾಗದವನ್ನೇ ನಂಬುತ್ತಾರೆ. ಆದ್ದರಿಂದ ಅವರನ್ನು ಬಿಟ್ಟು ನಿಮ್ಮನ್ನು ಕೇಳುತ್ತಿದ್ದೇನೆ. ಸೇರಿಸುವ ಆದೇಶವನ್ನು ತಡೆಹಿಡಿಯಿರಿ. ಶಾಲೆ ತೆರೆದ ಮೇಲೆ ಹಬ್ಬವಿಲ್ಲದ ಯಾವುದಾದರೂ ಮಂಗಳವಾರ ಬಂದು ಎಣಿಸಿ. ಅನುಸೂಯಮ್ಮ ಮೇಡಂಗೆ ಈ ಪತ್ರದ ವಿಷಯ ಗೊತ್ತಿಲ್ಲ, ದಯವಿಟ್ಟು ಅವರಿಗೆ ನೋಟಿಸ್ ಕಳಿಸಬೇಡಿ. ತಪ್ಪೊಪ್ಪುಗಳೆಲ್ಲ ನನ್ನವು.

ಬರಲು ಪುರುಸೊತ್ತಿಲ್ಲದಿದ್ದರೆ, ಕುಳಿತಲ್ಲಿಂದಲೇ ಒಂದು ಕೆಲಸ ಮಾಡಿ. ಆ ವರದಿಯನ್ನು ಗೋಡೆಯ ಕ್ಯಾಲೆಂಡರ್ ಪಕ್ಕದಲ್ಲಿ ಹಿಡಿದು, ಎಣಿಸಿದ ತಾರೀಖನ್ನು ಇನ್ನೊಮ್ಮೆ ನೋಡಿ.

ಇಂತಿ,
ಅವತ್ತು ಮಗಳನ್ನು ಮನೆಯಲ್ಲಿ ಉಳಿಸಿಕೊಂಡ,
ಆಂಜಿನಪ್ಪ
ನೀರಿನ ಟ್ಯಾಂಕರ್ ಚಾಲಕ, ವರ್ತೂರು ಕಡೆಯವನು