ಸ್ಟೇಜಿನ ಹಿಂದೆ ನಿಲ್ಲಿಸಿದ ಟೆಂಪೊ

ಜನವರಿ 21, ಮಂಗಳವಾರ

ಮತ್ತೆ ಅದೇ ಡ್ರಾಪ್ — ಹಾಡು ತಡೆದು ನಿಂತು ಒಮ್ಮೆಲೇ ಬೀಟ್ ಬೀಳುವ ಜಾಗ. ಇನ್ನೂ ಜೋರಾಗಿ ಬರಲಿ ಅಂತ ಕೆಳಗಿನ ಗೋಡೌನಿನಿಂದ ಇವರು ಕೂಗಿದರು. ಜೋರು ಮಾಡುವುದು ಸುಲಭ. ಜೋರಿಗೆ ಮುಂಚೆ ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದೇ ಕಷ್ಟ.

ಶನಿವಾರ ಕೊತ್ತಗೆರೆಯಲ್ಲಿ ಮದುವೆ ಮೆರವಣಿಗೆ. ಬೆಳಿಗ್ಗೆಯಿಂದ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೇನೆ. ಕಿವಿ ಬಿಸಿ. ಹಾಡು ಜೋಡಿಸುವ ಈ ಸಾಫ್ಟ್‌ವೇರಿಗೆ ಒಂದು ಕೆಟ್ಟ ಅಭ್ಯಾಸ — ನುಡಿಸಿದ ಪ್ರತಿ ಸ್ವರವನ್ನೂ ಎಳೆದು ತಾಳದ ಗೆರೆಯ ಮೇಲೆ ಕೂರಿಸುತ್ತದೆ. ಪರೇಡಿನ ಹಾಗೆ. ಮೊದಲು ಆ ಬಟನ್ ಆಫ್ ಮಾಡುತ್ತೇನೆ. ಅಪ್ಪ ಗುಬ್ಬಿ ಸುತ್ತಮುತ್ತ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಪಕ್ಕದಲ್ಲಿ ಕೂತೇ ಕಲಿತೆ. ರಾಜನ ಪಾತ್ರದವನು ಕಂದಪದ್ಯದ ಕೊನೆಯಲ್ಲಿ ಉಸಿರು ಎಳೆದುಕೊಳ್ಳುವವರೆಗೂ ಬೆರಳು ಕಾಯಬೇಕು. ಅವನ ಎದೆ ನೋಡಿಕೊಂಡೇ ನುಡಿಸಬೇಕು.

ಇವರಿಗೆ ಶ್ರುತಿ ಗೊತ್ತಾಗುವುದಿಲ್ಲ. ಒಂದು ಹಾಡಿನ ಬಾಲಕ್ಕೆ ಇನ್ನೊಂದು ಹಾಡು ಅಂಟಿಸಿದರೆ ಎರಡೂ ಕಚ್ಚಾಡುತ್ತಿದ್ದವು. ಮದುವೆಯಾದ ಹೊಸತರಲ್ಲಿ ತಡೆಯಲಾರದೆ ಹೇಳಿದೆ, ಇದಾದ ಮೇಲೆ ಅದನ್ನು ಹಾಕಬೇಡಿ, ಎರಡರ ಷಡ್ಜವೂ ಬೇರೆ. ಅಲ್ಲಿಂದ ಶುರು. ಈಗ ಟ್ರ್ಯಾಕ್ ಪೂರ್ತಿ ನಾನೇ. ಪೋಸ್ಟರಿನ ಮೇಲೆ ‘ಡಿಜೆ ಸಂಗಿ’. ಸಂಗಮೇಶ್ ಅನ್ನುವ ಪೂರ್ತಿ ಹೆಸರು ಇದ್ದದ್ದು ಲಗ್ನಪತ್ರಿಕೆಯಲ್ಲಿ ಮಾತ್ರ. ಪಲ್ಲವಿ ಅಂತ ನನ್ನ ಹೆಸರು ಕೊನೆಯ ಸಲ ಪ್ರಿಂಟ್ ಆಗಿದ್ದೂ ಅದರಲ್ಲೇ.

ಜನವರಿ 26, ಭಾನುವಾರ

ಇವರು ಖುಷಿಯಾಗಿದ್ದಾರೆ. ಕಾಫಿ ಕುಡಿಯುತ್ತಾ ಕೊತ್ತಗೆರೆಯ ವಿಡಿಯೊ ತೋರಿಸಿದರು. ಅರ್ಧ ತಾಳ ಖಾಲಿ ಬಿಟ್ಟಿದ್ದೆನಲ್ಲ — ಸರಿಯಾಗಿ ಅಲ್ಲೇ ಇಡೀ ಮೆರವಣಿಗೆ ಉಸಿರು ಹಿಡಿದು ನಿಂತಿದೆ. ಆಮೇಲೆ ಮುದುಕರೂ ಕುಣಿದಿದ್ದಾರೆ. ಅಲ್ಲಿ ನಾನು ಕೈ ಎತ್ತಿದೆ ನೋಡು ಅಂದರು. ಹೌದು, ಎತ್ತಿದ್ದಾರೆ. ಚೆನ್ನಾಗಿ ಎತ್ತುತ್ತಾರೆ.

ನಾನು ಒಂದು ಶೋ ಕೂಡ ನೋಡಿಲ್ಲ. ಅತ್ತೆ ಕಲ್ಲಮ್ಮ ಬೈಯುವವರಲ್ಲ. ಈ ಕುಣಿಗಲ್ ಮನೆಗೆ ಬಂದ ಮೊದಲ ತಿಂಗಳು ಹಜಾರದಲ್ಲಿ ಹಾರ್ಮೋನಿಯಂ ತೆಗೆದು ಕೂತಾಗ ಪಕ್ಕ ಬಂದು ಕೂತರು. ಮುಗಿಯುವವರೆಗೂ ಕೇಳಿದರು. ಆಮೇಲೆ ಮೆಲ್ಲಗೆ, "ಗಂಡಸ್ರು ಬಂದೋಗೋ ಮನೆ ಕಣವ್ವ. ಮೇಲ್ಗಡೆ ರೂಮಲ್ಲಿ ಏನಾರ ಮಾಡ್ಕೊ. ಸದ್ದು ಬೀದಿಗೆ ಹೋಗ್ದಿದ್ರೆ ಸಾಕು," ಅಂದರು. ಹಾರ್ಮೋನಿಯಂ ಅಂದೇ ಗೋಡೌನಿನ ಅಟ್ಟ ಸೇರಿತು. ಹೆಡ್‌ಫೋನ್ ಬಂತು.

ಗದರಿದ್ದರೆ ಜಗಳವಾದರೂ ಆಡಬಹುದಿತ್ತು.

ಫೆಬ್ರವರಿ 2, ಭಾನುವಾರ

ಅಪ್ಪನ ಫೋನ್. ಅಭ್ಯಾಸ ಬಿಟ್ಟಿಲ್ಲ ತಾನೆ ಅಂದರು. ದಿನಾ ಮಾಡುತ್ತೇನೆ ಅಂದೆ. ಫೋನ್ ಹತ್ತಿರ ಇಟ್ಟು ಸ್ವಲ್ಪ ನುಡಿಸು, ಕೇಳುತ್ತೇನೆ ಅಂದರು. ಲ್ಯಾಪ್‌ಟಾಪ್ ಇವರ ಜೊತೆ ಹೋಗಿತ್ತು. ಎದುರಿಗೆ ಟ್ರ್ಯಾಕ್ ಮಾಡುವಾಗ ನುಡಿಸುವ ಕೀಬೋರ್ಡ್ ಮಾತ್ರ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಅದಕ್ಕೆ ಸ್ವಂತ ದನಿ ಇಲ್ಲ. ಆದರೂ ಮೋಹನದ ಆರೋಹಣ ಒತ್ತಿದೆ. ಟಕ್ ಟಕ್ ಟಕ್… ಬರೀ ಪ್ಲಾಸ್ಟಿಕ್.

ಅಪ್ಪ ಎರಡು ಸಲ ಹಲೋ ಅಂದರು. "ಸಿಗ್ನಲ್ ಸರಿಯಿಲ್ಲ ಅನ್ಸುತ್ತೆ ಮಗ." ಹೌದಪ್ಪ ಅಂದೆ.

ಫೆಬ್ರವರಿ 6, ಗುರುವಾರ

ಕ್ಯಾತ್ಸಂದ್ರದ ಕಡೆಯ ಒಂದು ಕಾಲೇಜಿನ ಫೆಸ್ಟ್. ಇಷ್ಟು ದೊಡ್ಡ ಆರ್ಡರ್ ಇದುವರೆಗೆ ಬಂದಿಲ್ಲ. ಹುಡುಗರದ್ದು ಒಂದೇ ಷರತ್ತು — ಪೆನ್‌ಡ್ರೈವ್ ಹಾಕಿ ಕೈ ಎತ್ತುವ ಡಿಜೆ ಬೇಡ, ಲೈವ್ ಆಗಿ ನುಡಿಸಬೇಕು. ಇವರು ಹೂಂ ಅಂದುಬಿಟ್ಟಿದ್ದಾರೆ.

ಮಿಕ್ಸರ್, ಕೇಬಲ್ ನೋಡಿಕೊಳ್ಳುವ ಜಾವೇದ್ ತುಮಕೂರಿನಿಂದ ಬಂದಿದ್ದರು. ನೇರವಾಗಿ ಕೇಳಿದರು, "ನುಡ್ಸೋರ್ ಯಾರು ಸಂಗಣ್ಣ?" ಇವರು ಚಾವಣಿ ನೋಡಿದರು.

ಸಂಜೆ ಕಲಿಸಲು ಕೂತೆ. ನಾಲ್ಕೇ ಸ್ವರ. ಬೆರಳು ಹಿಡಿದು ಇಟ್ಟುಕೊಟ್ಟೆ. ಸ್ಪೀಕರ್ ಹೊತ್ತು ಹೊತ್ತು ದಪ್ಪಗಾದ ಬೆರಳು, ಎರಡು ಕೀ ಒಟ್ಟಿಗೆ ಒತ್ತುತ್ತದೆ. ಮೊದಲು ನಕ್ಕರು. ಆಮೇಲೆ ನಗಲಿಲ್ಲ. "ನಂಗಿದು ಬರಲ್ಲ ಕಣೇ. ಚಿಕ್ಕೋನಿದ್ದಾಗ್ಲೂ ಬಂದಿಲ್ಲ." ಅಷ್ಟು ಸಣ್ಣ ದನಿಯಲ್ಲಿ ಇವರು ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ. ಕನಿಕರವಾಯಿತು. ಅದೇ ಹೊತ್ತಿಗೆ ಇವರು ಉಪಾಯ ಹೇಳಿದರು — ಸ್ಟೇಜಿನ ಹಿಂದೆ ನಮ್ಮ ಗೂಡ್ಸ್ ಟೆಂಪೊ ನಿಲ್ಲಿಸುವುದು, ಒಳಗೆ ಕೂತು ನಾನು ನುಡಿಸುವುದು, ಮುಂದೆ ದನಿಯಿಲ್ಲದ ಇನ್ನೊಂದು ಕೀಬೋರ್ಡಿನ ಎದುರು ನಿಂತು ಇವರು ಸುಮ್ಮನೆ ಕೈ ಆಡಿಸುವುದು. ತಲೆ ಆಡಿಸಿಬಿಟ್ಟೆ.

ಅತ್ತೆಯೂ ಒಪ್ಪಿದರು. ಒಳಗಿದ್ದರೆ ಯಾರಿಗೂ ಕಾಣುವುದಿಲ್ಲವಲ್ಲ.

ಫೆಬ್ರವರಿ 12, ಬುಧವಾರ

ಗೋಡೌನಿನಲ್ಲಿ ರಿಹರ್ಸಲ್. ಬೀಟು, ಬೇಸು ಲ್ಯಾಪ್‌ಟಾಪಿನಿಂದ. ರಾಗ ಬಲಗೈಯಲ್ಲಿ. ಎಡಗೈ ಇಷ್ಟು ವರ್ಷ ಹಾರ್ಮೋನಿಯಮ್ಮಿನ ತಿದಿ ಒತ್ತಿದ ಕೈ, ಸುಮ್ಮನಿರಲು ಅದಕ್ಕೆ ಬರುವುದಿಲ್ಲ. ಫಿಲ್ಟರ್ ಗುಂಡಿ ಕೊಟ್ಟೆ. ತಿರುಗಿಸಿದರೆ ದನಿ ಮುಚ್ಚಿಕೊಂಡು, ಮತ್ತೆ ಮೆಲ್ಲಗೆ ತೆರೆದುಕೊಳ್ಳುತ್ತದೆ. ಗಾಳಿ ತುಂಬಿದ ಹಾಗೇ. ಕೈಗೆ ಗೊತ್ತಾಗಿಬಿಟ್ಟಿತು. ಊಟ ಮರೆತೆ.

ಫೆಬ್ರವರಿ 15, ಶನಿವಾರ. ಸಂಜೆ 5

ಟೆಂಪೊದ ಒಳಗಿಂದ. ಮುಚ್ಚಿದ ಬಾಡಿ, ಕಿಟಕಿ ಇಲ್ಲ. ಎರಡು ಖಾಲಿ ಬಾಕ್ಸ್ ನಡುವೆ ಕೀಬೋರ್ಡ್, ಲ್ಯಾಪ್‌ಟಾಪ್, ನಾನು. ಹುಡುಗರು ಯಾರಾದರೂ ಬಾಗಿಲು ತೆಗೆದಾರು ಅಂತ ಹೊರಗಿಂದ ಚಿಲಕ. ಜಾವೇದ್ ತಮ್ಮ ಫೋನನ್ನು ಸ್ಟೇಜಿನ ಕಂಬಕ್ಕೆ ಕಟ್ಟಿ ನನಗೆ ವಿಡಿಯೊ ಕಾಲ್ ಹಾಕಿಟ್ಟಿದ್ದಾರೆ. ಇಡೀ ಮೈದಾನ ಅಂಗೈಯಲ್ಲಿ. ಇವರು ಹೊಸ ಜಾಕೆಟ್ ಹಾಕಿದ್ದಾರೆ. ಚೆನ್ನಾಗಿ ಕಾಣುತ್ತಾರೆ.

ಕೈ ಎತ್ತಿದರು. ಶುರು.

ಫೆಬ್ರವರಿ 18, ಮಂಗಳವಾರ

ಇವತ್ತು ಬರೆಯಲು ಆಗುತ್ತಿದೆ.

ಮೊದಲರ್ಧ… ಹೇಗೆ ಹೇಳುವುದು. ಅಷ್ಟು ಜನಕ್ಕೆ ಒಟ್ಟಿಗೆ ನುಡಿಸಿದ್ದು ಅದೇ ಮೊದಲು. ಫೋನಿನಲ್ಲಿ ಮುಂದಿನ ಸಾಲಿನ ಹುಡುಗಿಯರ ಭುಜ ನೋಡಿಕೊಂಡು ನುಡಿಸಿದೆ. ಅವರು ಸೋತಾಗ ಬೀಟ್ ತೆಗೆದು ಬರೀ ಶ್ರುತಿ ಹಿಡಿದೆ. ಮತ್ತೆ ತಲೆ ಎತ್ತಿದಾಗ ಬಿಟ್ಟೆ. ನೆಲ ಕುಣಿದದ್ದು ಟೆಂಪೊದ ತಗಡಿಗೂ ಬಂತು, ನನ್ನ ಬೆನ್ನಿಗೂ ಬಂತು.

ಆಮೇಲೆ ಗಾಳಿ ತಿರುಗಿತು. ಜನರೇಟರ್ ಪಕ್ಕದಲ್ಲೇ ಇತ್ತು. ಕೇಬಲ್ ತೂರಿಸಿದ ಸಂದಿಯಿಂದ ಡೀಸೆಲ್ ಹೊಗೆ ಒಳಗೆ ಬರತೊಡಗಿತು. ಬಲಗೈಯಲ್ಲಿ ನುಡಿಸುತ್ತಲೇ ಎಡಗೈಯಲ್ಲಿ ತಗಡು ಬಡಿದೆ. ಇವರಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಜಾವೇದರ ಫೋನ್ ಆ ಕಂಬದ ಮೇಲೇ ಇತ್ತು. ಎದ್ದು ಹೋಗಿ ಬಾಗಿಲು ಗುದ್ದಿದೆ. ಯಾರಿಗೆ ಕೇಳಬೇಕು? ನಾನೇ ಮಾಡಿದ ಬೇಸ್. ನಾನು ಗುದ್ದಿದ್ದು ನನಗೇ ಕೇಳಿಸುತ್ತಿರಲಿಲ್ಲ.

ಕಣ್ಣು ಕತ್ತಲಿಟ್ಟಿತು. ತೆವಳಿಕೊಂಡು ಲ್ಯಾಪ್‌ಟಾಪಿನ ಹತ್ತಿರ ಬಂದು ನಿಲ್ಲಿಸಿದೆ. ಎಲ್ಲ.

ಮೈದಾನ ಗಪ್ಪಾಯಿತು. ಫೋನಿನಲ್ಲಿ ಕಂಡದ್ದು — ಇವರ ಎರಡೂ ಕೈ ಕೀಬೋರ್ಡಿನ ಮೇಲೆ ಇನ್ನೂ ಓಡುತ್ತಿವೆ. ಸದ್ದೇ ಇಲ್ಲ. ಆ ಮೌನದಲ್ಲಿ ಮತ್ತೆ ಗುದ್ದಿದೆ. ಈಗ ಎಲ್ಲರಿಗೂ ಕೇಳಿಸಿತು. ಓಡಿ ಬಂದು ಚಿಲಕ ತೆಗೆದದ್ದು ಜಾವೇದ್. ನೆಲದ ಮೇಲೆ ಕೂರಿಸಿ ನೀರು ಕೊಟ್ಟರು. ಯಾವುದೋ ಹುಡುಗಿ, ಈ ಅಕ್ಕ ಯಾರು ಅಂತ ಕೇಳಿದಳು. ಅಷ್ಟರಲ್ಲಿ ಇವರು ಬಂದರು.

"ನಮ್ ಮನೆಯೋರು. ಸುಸ್ತಾಗಿ ಟೆಂಪೊದಲ್ಲಿ ಮಲಗಿದ್ರು," ಅಂದರು.

ನಾನು ಅಲ್ಲ ಅನ್ನಲಿಲ್ಲ. ಬಾಯಲ್ಲಿ ನೀರಿತ್ತು.

ಫೆಬ್ರವರಿ 25, ಮಂಗಳವಾರ

ಶಾರ್ಟ್ ಸರ್ಕ್ಯೂಟ್ ಆಯಿತು ಅಂತ ಎಲ್ಲರಿಗೂ ಹೇಳಿ ಮುಗಿಸಿದ್ದಾರೆ. ಇವತ್ತು ಮಧ್ಯಾಹ್ನ ಊಟವಾದ ಮೇಲೆ ಕೆಳಗೆ ಕರೆದುಕೊಂಡು ಹೋದರು. ಟೆಂಪೊದ ತಗಡು ಕೊರೆಸಿ ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದಾರೆ. ಮೆತ್ತನೆಯ ಕುರ್ಚಿ. ನೀರಿನ ಬಾಟಲಿಗೆ ಸ್ಟ್ಯಾಂಡ್. ಸ್ವಿಚ್ ಹಾಕಿ ತೋರಿಸಿದರು. "ಇನ್ಮೇಲೆ ಹಂಗಾಗಲ್ಲ. ನೀನಿಲ್ದೆ ನಂಗೆ ಆಯ್ತದಾ?" ಕಣ್ಣಲ್ಲಿ ನೀರಿತ್ತು. ನಾಟಕವಲ್ಲ, ನಿಜವಾದ ನೀರು.

ಕುರ್ಚಿ ನೋಡಿದೆ. ನನ್ನ ಎತ್ತರಕ್ಕೆ ಅಳತೆ ಹಿಡಿದು ಮಾಡಿಸಿದ್ದಾರೆ. ಹೊಗೆ ನುಗ್ಗಿದಾಗಲೂ ಅಷ್ಟು ಭಯವಾಗಿರಲಿಲ್ಲ.

"ಸ್ಟೇಜ್ ಮೇಲಾದ್ರೆ ಬರ್ತೀನಿ," ಅಂದೆ. "ಇದ್ರೊಳಗೆ ಬರಲ್ಲ."

ಇವರು ಫ್ಯಾನ್ ಆಫ್ ಮಾಡಿದರು.

ಮಾರ್ಚ್ 9, ಭಾನುವಾರ

ನಿನ್ನೆ ವಸಂತನರಸಾಪುರದಲ್ಲಿ ಒಂದು ಫ್ಯಾಕ್ಟರಿಯ ಫಂಕ್ಷನ್. ನನ್ನನ್ನು ಬಿಟ್ಟೇ ಹೋದರು. ಫೆಸ್ಟಿನಲ್ಲಿ ನುಡಿಸಿದ್ದೆಲ್ಲ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಆಗಿದೆಯಂತೆ, ಅದನ್ನೇ ಹಾಕುವುದಂತೆ. ನನಗೆ ಹೇಳಿರಲಿಲ್ಲ. ಇಡೀ ದಿನ ಮೇಲಿನ ರೂಮಿನಲ್ಲಿ ಕೂತಿದ್ದೆ. ನನ್ನ ಕೈಗಳು ನನ್ನನ್ನು ಬಿಟ್ಟು ಕೆಲಸಕ್ಕೆ ಹೋದ ಹಾಗೆ.

ಬಂದವರು ಶೂ ಕೂಡ ಬಿಚ್ಚದೆ ಮಲಗಿದರು. ಏನಾಯಿತು ಅಂತ ಇವತ್ತು ಜಾವೇದ್ ಫೋನಿನಲ್ಲಿ ಹೇಳಿದರು. ಮೊದಲು ಎಲ್ಲ ಎದ್ದು ಕುಣಿದರಂತೆ. ಆಮೇಲೆ ಜನ ಸೋತರು, ಟ್ರ್ಯಾಕ್ ಸೋಲಲಿಲ್ಲ. ಕಾಲೇಜು ಹುಡುಗಿಯರಿಗೆ ಕಾದ ಕಡೆಯೇ ಇಲ್ಲೂ ಕಾಯಿತು. ಶಿಫ್ಟ್ ಮುಗಿಸಿ ಬಂದವರಿಗೆ ಬೇರೆ ಕಡೆ ಕಾಯಬೇಕಿತ್ತು. ಒಬ್ಬೊಬ್ಬರಾಗಿ ಊಟದ ಕಡೆ ನಡೆದರು. "ನೀವಿದ್ರೆ ಮ್ಯೂಸಿಕ್ ಜನಾನ ನೋಡ್ತದೆ ಅಕ್ಕ. ರೆಕಾರ್ಡಿಂಗ್ ನೋಡಲ್ಲ," ಅಂದರು.

ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ನಿನ್ನೆ ಇವರ ಶೂ ನಾನೇ ಬಿಚ್ಚಿಟ್ಟಿದ್ದೆ.

ಮಾರ್ಚ್ 20, ಗುರುವಾರ

ಸರಿ, ಸ್ಟೇಜಿಗೇ ಬಾ ಅಂದರು. ಯಾವ ಹಾಡಿನಿಂದ ಶುರು ಮಾಡುವುದು ಅಂತ ಆಗಲೇ ಎಣಿಸತೊಡಗಿದೆ.

ಆಮೇಲೆ ಕವರಿನಿಂದ ತೆಗೆದರು. ಕರಿ ಹೆಲ್ಮೆಟ್. ಎದುರಿಗೆ ಕಪ್ಪು ಗಾಜು, ಸುತ್ತ ಎಲ್‌ಇಡಿ. ಫಾರಿನ್ನಿನಲ್ಲಿ ಮುಖ ಮುಚ್ಚಿಕೊಂಡೇ ಎಷ್ಟೋ ಜನ ನುಡಿಸುತ್ತಾರಂತೆ. ಮೇಲೊಂದು ದೊಗಲೆ ಜರ್ಕಿನ್. ಗಂಡೋ ಹೆಣ್ಣೋ ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಇವರು, ಮೈಕ್ ಹಿಡಿದು. ಪೋಸ್ಟರಿನಲ್ಲಿ ‘ಡಿಜೆ ಸಂಗಿ ಮತ್ತು ಟೀಮ್’. ಅತ್ತೆ ಹೆಲ್ಮೆಟ್ ತಿರುಗಿಸಿ ತಿರುಗಿಸಿ ನೋಡಿದರು. "ಇದಾದ್ರೆ ಆಗ್ಬೋದು ಬುಡು."

ಹಾಕಿಕೊಂಡು ನೋಡಿದೆ. ಹೊರಗಿನದೆಲ್ಲ ಮಂಕು. ಕೇಳುವುದು ನನ್ನ ಉಸಿರು ಮಾತ್ರ. ಟೆಂಪೊದಲ್ಲಿ ಕಾಲಾದರೂ ಚಾಚಬಹುದಿತ್ತು.

ಒಂದು ಕೇಳಿದೆ. ನನ್ನ ಹಾರ್ಮೋನಿಯಂ ಬೇಕು, ಅದಕ್ಕೊಂದು ಮೈಕ್ ಬೇಕು. ಫ್ಯೂಷನ್ ಅಂದರೆ ಜನ ಇಷ್ಟಪಡುತ್ತಾರೆ ಅಂದೆ. ಫ್ಯೂಷನ್ ಅನ್ನುವ ಪದಕ್ಕೆ ಒಪ್ಪಿದರು.

ಏಪ್ರಿಲ್ 2, ಬುಧವಾರ

ಜಾವೇದ್ ಅಟ್ಟದಿಂದ ಇಳಿಸಿಕೊಟ್ಟರು. ಧೂಳು ಒರೆಸಿ ಹಜಾರದಲ್ಲೇ ಕೂತೆ. ಒಂದು ಸ್ವರ ಒತ್ತಿ ಹಿಡಿದೆ. ತಿದಿ ಒತ್ತಿದಷ್ಟೂ ಬೆಳೆಯಿತು. ಹೆಡ್‌ಫೋನಿನ ಒಳಗೆ ಕೇಳಿ ಕೇಳಿ ಮರೆತಿದ್ದೆ, ಸ್ವರ ಗೋಡೆಗೆ ಹೋಗಿ ವಾಪಸ್ ಬರುತ್ತದೆ.

ಅತ್ತೆ ಅಡುಗೆಮನೆಯಿಂದ ಬಂದು ಬೀದಿ ಬಾಗಿಲು ಮುಚ್ಚಿದರು. ಮುಚ್ಚಿ, ಹೊಸ್ತಿಲ ಹತ್ತಿರವೇ ಕೂತು ಕೇಳಿದರು.

ಏಪ್ರಿಲ್ 5, ಶನಿವಾರ. ಸಂಜೆ 6

ತುಮಕೂರು. ರಿಂಗ್ ರಸ್ತೆಯ ಕಡೆ ಒಂದು ಹಾಲ್. ಸ್ಟೇಜಿನ ಪಕ್ಕದ ರೂಮಿನಲ್ಲಿ ಒಬ್ಬಳೇ. ಜರ್ಕಿನ್ ಹಾಕಿದ್ದೇನೆ, ಸೆಖೆ. ಇವರು ಬಂದು ಹೆಲ್ಮೆಟ್ಟಿನ ಬ್ಯಾಟರಿ ನೋಡಿದರು. ಲೈಟು ಹತ್ತಿತು. ಹಾರ್ಮೋನಿಯಂ ಲೋಡಿಂಗ್‌ನವರು ತರುತ್ತಾರೆ, ನೀನು ಬರೀ ಬಾ ಅಂದರು. ಬೇಡ, ನಾನೇ ತರುತ್ತೇನೆ ಅಂದೆ. ಮುಖ ನೋಡಿದರು. ಬೇಗ ಬಾ ಅಂತ ಹೋದರು.

ಮೈಕಿನಲ್ಲಿ ಇವರ ದನಿ ಶುರುವಾಗಿದೆ. ಜನ ಕೂಗುತ್ತಿದ್ದಾರೆ. ಕದ ಸ್ವಲ್ಪ ಸರಿಸಿ ನೋಡಿದೆ — ಮುಂದಿನ ಸಾಲಿನಲ್ಲಿ ಹೆಂಗಸರು, ಮಡಿಲಲ್ಲಿ ಮಕ್ಕಳು. ಅವರ ಭುಜ ಇಲ್ಲಿಂದಲೇ ಕಾಣುತ್ತದೆ. ಕಪ್ಪು ಗಾಜಿನೊಳಗಿಂದ ಕಾಣುವುದಿಲ್ಲ.

ಹಾರ್ಮೋನಿಯಂ ಭಾರ, ಎರಡೂ ಕೈ ಬೇಕು. ಮೊದಲು ಹೆಲ್ಮೆಟ್ ಹಾಕಿಕೊಂಡು ಆಮೇಲೆ ಅದನ್ನು ಎತ್ತಿಕೊಳ್ಳಬೇಕು. ಮೊದಲೇ ಅದನ್ನು ಎತ್ತಿಕೊಂಡುಬಿಟ್ಟರೆ ಹೆಲ್ಮೆಟ್ ಹಾಕಲು ಕೈ ಉಳಿಯುವುದಿಲ್ಲ.

ಕರೆಯುತ್ತಿದ್ದಾರೆ. ಮೊದಲು ಹಾರ್ಮೋನಿಯಂ—