ಇವರು ನಿಮಗೆ ಏನಾಗ್ಬೇಕು?

ಅಂಕಲ್,

ಇವತ್ತು ಮಧ್ಯಾಹ್ನ ಶವಾಗಾರದಿಂದ ನಿಮ್ಮನ್ನು ಬಿಡಿಸಿಕೊಂಡು ಬಂದೆ. ಕಿಟಕಿಯೊಳಗಿನ ಗುಮಾಸ್ತ ಅರ್ಜಿ ತುಂಬುತ್ತಾ, "ಇವರು ನಿಮಗೆ ಏನಾಗ್ಬೇಕು?" ಎಂದ.

"ಅಂಕಲ್."

"ಅಂಕಲ್ ಅಂತ ಪಕ್ಕದ ಮನೆಯೋರನ್ನೂ ಕರೀತೀವಿ, ಬಸ್ ಓಡಿಸೋರನ್ನೂ ಕರೀತೀವಿ. ಚಿಕ್ಕಪ್ಪನಾ? ಸೋದರಮಾವನಾ?"

"ಅಮ್ಮನ್ನ ಮದುವೆ ಆಗಿದ್ರು. ಅಮ್ಮ ಈಗಿಲ್ಲ."

"ಹಾಗಾದ್ರೆ ಅಪ್ಪ ಅನ್ನಿ ಮೇಡಂ, ಬರ್ಕೋತೀನಿ. ಹಿಂದೆ ಜನ ಕಾಯ್ತಿದಾರೆ."

ಏಳು ವರ್ಷದವಳಿದ್ದಾಗ, ಅಪ್ಪ ಅನ್ನೋದಿಲ್ಲ ಎಂದು ನಾನು ಹಟ ಹಿಡಿದರೆ, "ಅಂಕಲ್ ಅನ್ನು, ಸಾಕು" ಎಂದವರು ನೀವೇ. ಟೈಲರ್ ಬುದ್ಧಿ ನಿಮ್ಮದು. ನನ್ನ ಶಾಲೆಯ ಸ್ಕರ್ಟಿನ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಹೊಲಿಯುತ್ತಿದ್ದಿರಿ. ನಾನು ಬೆಳೆದಂತೆ ಬಿಚ್ಚಿ ಉದ್ದ ಮಾಡುತ್ತಿದ್ದಿರಿ. ಅಂಕಲ್ ಎಂಬ ಮಾತಿನಲ್ಲೂ ಹಾಗೆಯೇ ಜಾಗ ಬಿಟ್ಟಿದ್ದಿರೇನೋ. ಮೂವತ್ತು ವರ್ಷವಾದರೂ ನಾನು ಬಿಚ್ಚಲಿಲ್ಲ.

ಕಿಟಕಿಯ ಮುಂದೆಯೂ ಅಪ್ಪ ಅನ್ನಲಿಲ್ಲ. ಗುಮಾಸ್ತ ಕಾದು ಕಾದು, ಸಂಬಂಧ ಎಂದಿದ್ದ ಕಡೆ "ಪರಿಚಿತರು" ಎಂದು ಬರೆದ. ನಂತರ ತಲೆಯೆತ್ತಿ ಕೇಳಿದ:

"ಪಾಪ, ಮಕ್ಕಳು ಯಾರೂ ಇಲ್ವಾ ಇವರಿಗೆ?"

ಇಲ್ಲ ಎಂದೆ. ಅವನು ತೋರಿಸಿದ ಕಡೆ ರುಜು ಹಾಕಿದೆ.