ದಿಲ್ಲಿಯಿಂದ ಎರಡೂವರೆ ತಾಸು

ದಿಲ್ಲಿಯಲ್ಲಿರುವ ಶಿವಪುತ್ರ ಮಾವನವರಿಗೆ, ಅರಭಾವಿಯಿಂದ ಮಾಯಾ ಮಾಡುವ ನಮಸ್ಕಾರ.

ಅವ್ವ ತೀರಿದ ದಿನ ನೀವು ಫೋನಿನಲ್ಲಿ, “ಬೆಳಗಾವಿಗೆ ವಿಮಾನ ಎರಡೂವರಿ ತಾಸು, ತವರಿನ ಸೀರಿ ನಾನ ತರ್ತೇನಿ” ಅಂದಿರಿ. ತವರಿನ ಸೀರೆ ಹೊದಿಸದೆ ಮಣ್ಣು ಮಾಡುವಂತಿಲ್ಲವಲ್ಲ. ಹಿರಿಯರು, “ಹುಬ್ಬಳ್ಳಿಗಿಂತ ದಿಲ್ಲಿ ಸನೇ ಆತಲ್ಲ, ಕಾಯೂಣು” ಎಂದು ಕೂತರು. ವಿಮಾನ ಯಾವಾಗ ಹೊರಡುತ್ತದೆಂದು ಯಾರೂ ಕೇಳಲಿಲ್ಲ.

ಹೊತ್ತು ಮುಳುಗುವಾಗ ಪಕ್ಕದ ಮನೆಯ ಸಾವಂತ್ರೆವ್ವ, “ನಾನೂ ಅಕಿ ತವರೂರು ಹುಕ್ಕೇರಿ ಮಗಳ. ತವರಿನ ಸೀರಿ ನಂದ ಆಗಲಿ” ಎಂದು, ತಮ್ಮ ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದ ಸೀರೆಯನ್ನು ಅವ್ವನಿಗೆ ಹೊದಿಸಿದರು.

ಮರುದಿನ ನೀವು ತಂದ ಹಸಿರು ಸೀರೆ ಇನ್ನೂ ಕಪಾಟಿನಲ್ಲಿದೆ. ಅದನ್ನು ಸಾವಂತ್ರೆವ್ವನವರಿಗೆ ಕೊಡಲು ಒಪ್ಪಿಗೆ ತಿಳಿಸಿರಿ. ಅವರ ತವರಿನಲ್ಲಿ ಯಾರೂ ಉಳಿದಿಲ್ಲ. ಅವರ ದಿನ ಬಂದಾಗ ನಾವು ಯಾವ ವಿಮಾನವನ್ನೂ ಕಾಯಬೇಕಾಗುವುದಿಲ್ಲ.

ನಿಮ್ಮ ಅಕ್ಕನ ಮಗಳು,
ಮಾಯಾ